ಕಂಟ್ರೋಲರ್ ಮಾವನವರ ದಾಡಿ

ಅಫಜಲಪುರದ ಬಸ್ಸು ತಡವಾದ ದಿನ ನಮ್ಮ ಮಾವನವರ ಗಲ್ಲ ಉರಿಯುತ್ತಿತ್ತು. ಹೀಗೆಂದರೆ ಕೇಳಿದವರು ನಗುತ್ತಾರೆ. ನಾನು ಜೇವರ್ಗಿಯಲ್ಲಿ ಭೂಮಾಪನದ ಕೆಲಸದವನು, ಕಂಡದ್ದಕ್ಕಿಂತ ಒಂದು ಗೇಣು ಹೆಚ್ಚು ಹೇಳುವ ಅಭ್ಯಾಸ ನನಗಿಲ್ಲ. ಆ ಬಸ್ಸಿಗೂ ಆ ಗಲ್ಲಕ್ಕೂ ಇದ್ದ ಸಂಬಂಧವನ್ನು ಇದ್ದ ಹಾಗೆಯೇ ಹೇಳುತ್ತೇನೆ.

ಮಾವನವರು, ಎಂದರೆ ನನ್ನ ಹೆಂಡತಿ ಸುಜಾತಾಳ ತಂದೆ ಸಿದ್ರಾಮಪ್ಪನವರು, ಆಳಂದದ ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ವೇಳೆಗೆ ಸರಿಯಾಗಿ ಹೊರಡಿಸುವ ಕಂಟ್ರೋಲರ್ ಆಗಿ ನಿವೃತ್ತರಾದವರು. ಮನೆ ನಿಲ್ದಾಣದ ಹಿಂದಿನ ಓಣಿಯಲ್ಲೇ. ಅಂಗಳದ ಬೇವಿನ ಗಿಡಕ್ಕೆ ಮೊಳೆ ಹೊಡೆದು ಒಂದು ಕನ್ನಡಿ ತೂಗುಹಾಕಿದ್ದರು. ಬೆಳಗಾದರೆ ಆ ಕನ್ನಡಿಯ ಮುಂದೆ ಮಣೆ, ಹಿತ್ತಾಳೆಯ ಬಟ್ಟಲು, ದುಂಡನೆಯ ಸಾಬೂನು, ಅರ್ಧ ಕೂದಲು ಉದುರಿದ ಬ್ರಷ್ಷು, ಹಿಡಿಕೆ ತಿರುವಿ ಬ್ಲೇಡು ಹಾಕುವ ಹಳೆಯ ಕಾಲದ ರೇಜರು. ದಾಡಿ ಮಾಡಿಕೊಳ್ಳಲು ಅವರು ಗಡಿಯಾರ ನೋಡುತ್ತಿರಲಿಲ್ಲ. ನರೋಣಾದ ಬಸ್ಸು ಹೊರಟ ಸದ್ದಾದರೆ ಬಿಸಿನೀರಿನಲ್ಲಿ ಅದ್ದಿದ ಟವೆಲ್ಲು ಮುಖಕ್ಕೆ. ಸೊಲ್ಲಾಪುರದ ಬಸ್ಸು ಬಂದು ನಿಂತರೆ ನೊರೆ. ಆಮೇಲೆ ನೊರೆ ಮುಖದ ಮೇಲೆ ನೆನೆಯುತ್ತಿರಬೇಕು, ಅಫಜಲಪುರದ ಬಸ್ಸು ಹೊರಡುವವರೆಗೆ. ಅದು ಹೊರಟ ಮೇಲೆಯೇ ಬ್ಲೇಡು ಮುಖ ಮುಟ್ಟುತ್ತಿತ್ತು.

ಅಫಜಲಪುರದ ಬಸ್ಸು ತಡವಾದರೆ ನೊರೆ ಒಣಗಿ ಸುಣ್ಣದ ಗೋಡೆಯಾಗುತ್ತಿತ್ತು. ಆದರೂ ಕಾಯುತ್ತಿದ್ದರು. ಆ ಬಿಳಿ ಮುಖ ಹೊತ್ತುಕೊಂಡೇ ಓಣಿಯ ತುದಿಯವರೆಗೆ ಹೋಗಿ, ನಿಲ್ದಾಣದ ಕಾಂಪೌಂಡಿನ ಮೇಲಿಂದ ಇಣುಕಿ, "ಯಾಕಲೇ, ಡ್ರೈವರ್ ಇನ್ನಾ ಮಲಗ್ಯಾನೇನು?" ಎಂದು ಕೂಗುತ್ತಿದ್ದರು. ಹೊಸದಾಗಿ ಬಂದ ಕಂಡಕ್ಟರುಗಳು ಬೆದರುತ್ತಿದ್ದರು. ಹಳಬರು, "ಹೊಂಟೀವ್ರಿ ಸಾಹೇಬ್ರ, ನೀವು ದಾಡಿ ಚಾಲೂ ಮಾಡ್ರಿ" ಎನ್ನುತ್ತಿದ್ದರು. ಒಣಗಿದ ನೊರೆಯ ಮೇಲೆ ಬ್ಲೇಡು ಎಳೆದರೆ ಚರ್ಮ ಕೆಂಪಗಾಗಿ ಸಣ್ಣ ಗುಳ್ಳೆ ಏಳುವುದು ಸಹಜ. ಒಮ್ಮೆ ಧೈರ್ಯ ಮಾಡಿ, ಮತ್ತೆ ನೀರು ಹಚ್ಚಬಾರದೇ ಎಂದು ಕೇಳಿದೆ.

"ಅಳ್ಯಾರ," ಎಂದರು, "ಟೈಮ್ ಮೀರಿದ್ದು ಗಾಡಿದು ತಪ್ಪು. ನಂದಲ್ಲ. ನಾ ಯಾಕ ಮತ್ತ ನೀರ ಹಚ್ಚಲಿ?"

ದಾಡಿಯ ವಿಷಯದಲ್ಲಿ ಅವರದು ನಿಲ್ದಾಣದ ಭಾಷೆ. "ಕೂದಲ ಹೆಂಗ ಮಲಗ್ಯಾವೋ ಹಂಗ ಹೋಗ್ರಿ. ಎದುರ ಹೋದ್ರ ರಾಂಗ್ ಸೈಡು. ಗಂಟಲ ಹತ್ರ ತಿರುವು ಅದ, ಅಲ್ಲಿ ಸ್ಪೀಡ್ ಕಡಿಮಿ." ಬ್ಲೇಡನ್ನು ಒತ್ತಬಾರದು, ರೇಜರಿನ ತೂಕವೇ ಸಾಕು ಎನ್ನುವುದನ್ನು, "ಇಳಿಜಾರಿನ್ಯಾಗ ಯಾರರ ಆಕ್ಸಿಲೇಟರ್ ತುಳೀತಾರೇನ್ರಿ?" ಎಂದು ಹೇಳುತ್ತಿದ್ದರು. ನಾನು ಬಳಸುತ್ತಿದ್ದ ಟ್ರಿಮ್ಮರನ್ನು ಒಂದು ಸಲ ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಒಯ್ದು, ಹಿಂದಕ್ಕೆ ಕೊಟ್ಟರು. "ಸಪ್ಪಳ ಬರೋಬರಿ ಅದ. ಆದ್ರ ನಿಮ್ಮ ಮಾರಿ ನೋಡ್ರಿ, ಜ್ವಾಳ ಕೊಯ್ದು ಕೂಳಿ ಬಿಟ್ಟ ಹೊಲಾ ಆಗ್ಯದ."

ದಾಡಿಯಾದ ಮೇಲಿನ ಉಪಚಾರ ಇನ್ನೂ ದೊಡ್ಡದು. ಮೊದಲು ಬಾವಿಯ ತಣ್ಣೀರು. ನಂತರ ತುರಟಿ, ಎಂದರೆ ಪಟಿಕದ ಹರಳು. ಅದನ್ನು ಒದ್ದೆ ಗಲ್ಲದ ಮೇಲೆ ಮೆಲ್ಲಗೆ ಉಜ್ಜಿ, ಎಲ್ಲಿ ಚುರುಗುಟ್ಟುತ್ತದೆಯೋ ಅಲ್ಲಿ ಬೆರಳಿಟ್ಟು, "ಇಲ್ಲಿ ತಪ್ಪಾಗ್ಯದ" ಎಂದು ತಮಗೇ ಮೆಮೊ ಕೊಟ್ಟುಕೊಳ್ಳುತ್ತಿದ್ದರು. ಅದನ್ನು ತೊಳೆದ ಮೇಲೆ ಲೋಳಸರದ ಎಲೆ ಸೀಳಿ ಅದರ ಲೋಳೆ. ಉರಿ ಬಹಳವಿದ್ದ ದಿನ, ಎಂದರೆ ಅಫಜಲಪುರದ ಬಸ್ಸು ಬಹಳ ತಡವಾದ ದಿನ, ಮೊಸರಿನ ಕೆನೆ. ಬಾಟಲಿಯಲ್ಲಿ ಬರುವ ಘಮಘಮ ನೀರನ್ನು ಮಾತ್ರ ಮನೆಯೊಳಗೆ ಬಿಡುತ್ತಿರಲಿಲ್ಲ. "ಸುಟ್ಟ ಮ್ಯಾಲ ಸೆಂಟ್ ಹಾಕಿದ್ರ ಹುಣ್ಣು ಮಾಯತದೇನು?"

ಈ ಉಪಚಾರದ ರುಚಿ ನನಗೂ ಸಿಕ್ಕಿದೆ. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನಾಗಿ ಆಳಂದಕ್ಕೆ ಹೋದಾಗ, ಬೆಳಿಗ್ಗೆ ಅವಸರದಲ್ಲಿ ತಣ್ಣೀರಿನಲ್ಲೇ ಎದುರುಗೂದಲಿಗೆ ಬ್ಲೇಡು ಎಳೆದುಬಿಟ್ಟೆ. ಕುತ್ತಿಗೆಯೆಲ್ಲ ದದ್ದು ಎದ್ದಿತು. ಮಾವನವರು ನೋಡಿದರು. ಬೈಯಲಿಲ್ಲ. ಅಂಗಳದಲ್ಲಿ ಹೊರಸು ಹಾಕಿಸಿ, ನನ್ನನ್ನು ಅಂಗಾತ ಮಲಗಿಸಿ, ಲೋಳಸರ ಹಚ್ಚಿ, ಅದರ ಮೇಲೆ ಕೆನೆ ಹಚ್ಚಿ, ನೊಣ ಕೂಡಬಾರದೆಂದು ಒಗೆದಿಟ್ಟ ತಮ್ಮ ಬಿಳಿ ಧೋತರದ ತುದಿಯನ್ನು ತಣ್ಣೀರಿನಲ್ಲಿ ಅದ್ದಿ ಮುಖದ ಮೇಲೆ ಹಾಕಿ, ಉಳಿದದ್ದನ್ನು ಕಾಲಿನವರೆಗೆ ಹೊದಿಸಿದರು. "ಅಲುಗ್ಯಾಡಬ್ಯಾಡ್ರಿ. ಮಾತಾಡಬ್ಯಾಡ್ರಿ" ಎಂದು ಆಜ್ಞೆ ಮಾಡಿ ನಿಲ್ದಾಣಕ್ಕೆ ಹೋದರು. ಅದೇ ಹೊತ್ತಿಗೆ ಹೊಸ ಅಳಿಯನನ್ನು ನೋಡಲೆಂದು ಪಕ್ಕದ ಮನೆಯ ಮುದುಕಿ ತಟ್ಟೆಯಲ್ಲಿ ಕರ್ಚಿಕಾಯಿ ಹಿಡಿದುಕೊಂಡು ಬಂದಳು. ಹೊರಸಿನ ಮೇಲೆ ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ. ತಟ್ಟೆ ಬಿದ್ದ ಸದ್ದು ಕೇಳಿತು. "ಅಯ್ಯ ನನ್ನ ಸುಜಾತಾ! ಇಷ್ಟ ಲಗೂ ಏನಾತ ಯವ್ವಾ!" ಎಂದು ಆಕೆ ಎದೆ ಬಡಿದುಕೊಳ್ಳತೊಡಗಿದಳು. ಮಾತಾಡಬಾರದೆಂದು ಹೇಳಿದ್ದರು. ಆದರೂ ಆಕೆಗೆ ಸಮಾಧಾನ ಹೇಳಬೇಕೆಂದು ನಾನು ಎದ್ದು ಕುಳಿತೆ. ಆ ಮುದುಕಿ ಓಡಿದ ವೇಗವನ್ನು ಆಮೇಲೆ ಯಾರಿಗೆ ಹೇಳಿದರೂ ನಂಬಲಿಲ್ಲ.

ನಿವೃತ್ತಿಯ ನಂತರವೂ ಮಾವನವರು ದಾಡಿ ಮುಗಿಸಿ ನಿಲ್ದಾಣಕ್ಕೆ ಹೋಗುವುದನ್ನು ಬಿಟ್ಟಿರಲಿಲ್ಲ. ಆಳಂದದ ನಿಲ್ದಾಣ ಇಕ್ಕಟ್ಟು. ಬಸ್ಸುಗಳು ಹಿಂದಕ್ಕೆ ಸರಿದು ಹೊರಳಬೇಕು. ಮಾವನವರು ಬಸ್ಸಿನ ಹಿಂದೆ ನಿಂತು ಬಲಗೈ ಎತ್ತಿ, "ಬರ್ಲಿ, ಬರ್ಲಿ, ಬರ್ಲಿ..." ಎನ್ನುತ್ತ ಬೆರಳು ಮಡಚುತ್ತಿದ್ದರು. ಅಂಗೈ ಬಿಚ್ಚಿದರೆಂದರೆ ಬಸ್ಸು ಅಲ್ಲಿಯೇ ನಿಲ್ಲಬೇಕು, ನಿಲ್ಲುತ್ತಿತ್ತು. ಡ್ರೈವರುಗಳು ಕನ್ನಡಿಯಲ್ಲಿ ಆ ಕೈಯೊಂದನ್ನೇ ನೋಡುತ್ತಿದ್ದರು. ಆ ಕೈಗೆ ಸಂಬಳ ನಿಂತಿತ್ತು, ಮರ್ಯಾದೆ ನಿಂತಿರಲಿಲ್ಲ. ನುಣ್ಣಗೆ ದಾಡಿ ಮಾಡಿದ ಮುಖ, ಇಸ್ತ್ರಿಯ ಅಂಗಿ, ಎತ್ತಿದ ಬಲಗೈ. ಅವರ ಪೂರ್ತಿ ವ್ಯಕ್ತಿತ್ವ ಅಷ್ಟೇ ಎಂದರೂ ತಪ್ಪಲ್ಲ.

ಹೋದ ವರ್ಷದ ನಾಗರ ಅಮಾವಾಸ್ಯೆಯ ದಿನ ನಾನು ಆಳಂದದಲ್ಲಿದ್ದೆ. ಅಮಾವಾಸ್ಯೆಗೆ ಯಾರೂ ಗಡ್ಡ ತೆಗೆಯುವುದಿಲ್ಲ. ಮಾವನವರು ಮಾತ್ರ ಅಮಾವಾಸ್ಯೆ, ಸೋಮವಾರ, ಶ್ರಾವಣ ಏನನ್ನೂ ಲೆಕ್ಕಕ್ಕೆ ಹಿಡಿದವರಲ್ಲ. "ಶ್ರಾವಣದಾಗ ಬಸ್ ಬಂದ್ ಇರ್ತಾವೇನು?" ಎನ್ನುವವರು. ಅಡಿಗೆಮನೆಯಿಂದ ಅತ್ತೆ ನೀಲಮ್ಮನವರು ಎಂದಿನಂತೆ ಗೊಣಗುತ್ತಿದ್ದರು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಚಹಾ ಕುಡಿಯುತ್ತಿದ್ದೆ. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಅಫಜಲಪುರದ ಬಸ್ಸು ಹೊರಟಿತು. ಅವರು ರೇಜರು ಎತ್ತಿದರು. ಅದು ಗಲ್ಲಕ್ಕೆ ಮುಟ್ಟಲಿಲ್ಲ. ಗಾಳಿಯಲ್ಲಿಯೇ ನಡುಗಿತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಮತ್ತೆ ಎತ್ತಿದರು. ದವಡೆಯ ಕೆಳಗೆ ಬ್ಲೇಡು ಒಮ್ಮೆ ಅಡ್ಡಕ್ಕೆ ಜಾರಿತು. ಬಿಳಿ ನೊರೆಯಲ್ಲಿ ಒಂದು ಕೆಂಪು ಗೆರೆ ನಿಧಾನವಾಗಿ ಅಗಲವಾಗುತ್ತ ಕುತ್ತಿಗೆಗಿಳಿಯಿತು. ಗಾಯ ದೊಡ್ಡದಲ್ಲ. ಆದರೆ ಅದು ಇದ್ದ ಜಾಗ ಗಂಟಲು. ನಾನು ಕಪ್ಪನ್ನು ಬಸಿಯ ಮೇಲೆ ಕುಕ್ಕಿ ಮುಂದೆ ಬಂದೆ.

ಅವರು ತಿರುಗಲಿಲ್ಲ. ಕನ್ನಡಿಯಲ್ಲಿಯೇ ನನ್ನನ್ನು ನೋಡಿದರು.

"ಅಳ್ಯಾರ, ನೀವು ಏನರ ನೋಡಿದ್ರೇನು?"

"ಇಲ್ರಿ ಮಾವಾರ."

"ಛಲೋ ಆತು." ಟವೆಲ್ಲಿನಿಂದ ನೊರೆಯನ್ನೂ ರಕ್ತವನ್ನೂ ಒಟ್ಟಿಗೆ ಒರೆಸಿಕೊಂಡರು. ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತ ಕೇಳಿದರು, "ನಾಳಿಂದ ಶ್ರಾವಣ ಅಲ್ಲೇನು?"

"ಹೌದ್ರಿ."

"ಈ ಸಲ ಹಿಡೀತೇನಿ."

ಒಳಗೆ ಅತ್ತೆಯ ಕೈಯಿಂದ ಲಟ್ಟಣಿಗೆ ಬಿತ್ತು. "ಏನಂದ್ರಿ?"

"ಶ್ರಾವಣ ಹಿಡೀತೇನಿ ಅಂದ್ನಿ. ಒಂದ ತಿಂಗಳ ದಾಡಿ ಬಂದ್."

"ದೇವ್ರು ಈಗರ ಕಣ್ಣ ತೆರದ," ಎಂದು ಅತ್ತೆ ದೇವರ ಕೋಣೆಯ ಕಡೆಗೆ ಕೈಮುಗಿದರು.

ಆ ದಿನ ಸಂಜೆ ಮಾವನವರು ನನ್ನನ್ನು ಓಣಿಯ ತುದಿಗೆ ಕರೆದೊಯ್ದು ಹೇಳಿದ ಮಾತು ಇಷ್ಟೇ: "ಕೈ ನಡಗೋ ಸುದ್ದಿ ನಿಲ್ದಾಣಕ್ಕ ಮುಟ್ಟಿತಂದ್ರ ಮುಗೀತ್ರಿ. ಯಾವ ಡ್ರೈವರ್ ಈ ಕೈ ನೋಡಿ ಗಾಡಿ ಹಿಂದ ತಗೋತಾನ? ಅಯ್ಯ ಪಾಪ ಅಂತಾರ. ಅದೊಂದು ನಂಗ ಬ್ಯಾಡ." ಡಾಕ್ಟರರಿಗೆ ತೋರಿಸೋಣ ಎಂದೆ. "ಶ್ರಾವಣ ಮುಗೀಲಿ" ಎಂದರು.

ಕ್ಷೌರದ ಅಂಗಡಿಗೂ ಹೋಗುವಂತಿರಲಿಲ್ಲ. ಅದು ನಿಲ್ದಾಣದ ಎದುರಿಗೇ ಇತ್ತು. ದಿನವೂ ತಾನೇ ದಾಡಿ ಮಾಡಿಕೊಂಡ ಮನುಷ್ಯ ಒಂದು ದಿನ ಅಲ್ಲಿ ಹೋಗಿ ಕುಳಿತರೆ ಯಾಕೆಂದು ಹತ್ತು ಜನ ಕೇಳುತ್ತಾರೆ.

ಶ್ರಾವಣ ಮುಗಿಯಿತು. ಫೋನು ಮಾಡಿದರೆ, "ಗಣಪತಿ ಕಳಿಸಿ ತಗದ್ರಾತು" ಎಂದರು. ಗಣಪತಿ ನೀರಿಗೆ ಹೋದ. "ಪಿತೃಪಕ್ಷದಾಗ ಯಾರರ ಗಡ್ಡ ತಗೀತಾರೇನ್ರಿ?" ಎಂದು ನನ್ನನ್ನೇ ಕೇಳಿದರು. ಅದು ಮುಗಿದರೆ ಮನೆಯಲ್ಲಿ ಘಟ ಹಾಕಿದ್ದರು, ನವರಾತ್ರಿಯಲ್ಲಿ ಬ್ಲೇಡು ಮುಟ್ಟುವಂತಿಲ್ಲ. ಹುಟ್ಟಿದಾಗಿನಿಂದ ಒಂದು ಉಪವಾಸ ಮಾಡದ ಮನುಷ್ಯ ಪಂಚಾಂಗದ ಸಂದುಗೊಂದುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಗಡ್ಡ ಅಂಗಿಯ ಕೊರಳ ಗುಂಡಿಯನ್ನು ಮುಟ್ಟುವ ಹಾಗೆ ಬೆಳೆದಿತ್ತು. ಪೂರ್ತಿ ಬಿಳಿ. ತುರಿಕೆಗೆ ದಿನವೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರಿಂದ ಅದಕ್ಕೆ ಒಂದು ತೇಜಸ್ಸು ಬಂದಿತ್ತು.

ನಿಲ್ದಾಣಕ್ಕೆ ಹೋಗುವುದನ್ನು ಮಾತ್ರ ಬಿಡಲಾಗಲಿಲ್ಲ. ಬಸ್ಸು ತಿರುಗಿಸುವ ಕೆಲಸಕ್ಕೆ, "ವ್ರತ ಅದ, ಈಗ ಬ್ಯಾಡ" ಎಂದು ನೆಪ ಹೇಳಿದರು. ನಡುಗುವ ಕೈ ಕಾಣಬಾರದೆಂದು ಮೈತುಂಬ ಶಾಲು ಹೊದ್ದರು. ಮಾತಾಡಿದರೆ ಕೈ ತಾನಾಗಿಯೇ ಹೊರಗೆ ಬರುತ್ತದೆಂದು ಮಾತು ಕಡಿಮೆ ಮಾಡಿದರು. ಬಿಳಿ ಗಡ್ಡ, ಶಾಲು, ಮೌನ. ನಮ್ಮ ಕಡೆ ಇಷ್ಟು ಸೇರಿದರೆ ಮನುಷ್ಯನನ್ನು ಏನೆಂದು ಕರೆಯುತ್ತಾರೆ ಎಂಬುದು ಆಳಂದ, ಅಫಜಲಪುರದ ಯಾರಿಗಾದರೂ ಗೊತ್ತು. ಮುತ್ಯಾ ಎನ್ನುತ್ತಾರೆ. ಅಜ್ಜನಿಗೂ ಅದೇ ಹೆಸರು, ಮಠದಲ್ಲಿ ಕುಳಿತ ಸಾಧುಪುರುಷನಿಗೂ ಅದೇ ಹೆಸರು.

ಮೊದಲು ಯಡ್ರಾಮಿ ಕಡೆಯ ಒಬ್ಬ ಹೊಸ ಡ್ರೈವರು ಬಸ್ಸು ಹತ್ತುವ ಮುಂಚೆ ಅವರ ಕಾಲು ಮುಟ್ಟಿದ. ಆ ದಿನ ಅವನ ಬಸ್ಸು ಎಲ್ಲಿಯೂ ಕೆಡದೆ ಹೋಗಿ ಬಂತು. ಆ ಬಸ್ಸಿನ ಮಟ್ಟಿಗೆ ಅದು ಪವಾಡವೇ. ಮರುದಿನ ಇನ್ನಿಬ್ಬರು ಮುಟ್ಟಿದರು. ವಾರದೊಳಗೆ ಅವರು ಕೂಡುವ ಬೆಂಚಿನ ಮೇಲೆ ಯಾರೋ ಕಂಬಳಿ ಹಾಸಿದರು. ಹಳೆಯ ಕಂಡಕ್ಟರುಗಳೂ ಸಾಹೇಬ್ರ ಎನ್ನುವುದನ್ನು ಬಿಟ್ಟು ಮುತ್ಯಾ ಎನ್ನತೊಡಗಿದರು.

ದಸರಾಕ್ಕೆ ಮುಂಚೆ ನಾನು ಹೋದಾಗ ಮಾವನವರು ಬೆಂಚಿನ ಮೇಲೆ ಸಿಕ್ಕಿಬಿದ್ದವರ ಹಾಗೆ ಕುಳಿತಿದ್ದರು. ಹೆಣ್ಣುಮಕ್ಕಳು ಬಾಳೆಹಣ್ಣು ತಂದು ಎದುರಿಗಿಡುತ್ತಿದ್ದರು. ನನ್ನ ಕಡೆಗೆ ಬಾಗಿ ಪಿಸುಗುಟ್ಟಿದರು.

"ಅಳ್ಯಾರ, ಗಲ್ಲ ಭಾಳ ತುರಸಾಕತ್ತದ. ತುರಸಾಕ ಕೈ ತಗದ್ರ ಆಶೀರ್ವಾದಕ್ಕಂತ ತಲಿ ಒಡ್ಡತಾರ."

"ಖರೆ ಹೇಳಿಬಿಡ್ರಿ ಮಾವಾರ."

"ಏನಂತ? ಮುತ್ಯಾ ಅಲ್ಲ, ಕೈ ಹೋದ ಕಂಟ್ರೋಲರ್ ಅಂತೇನು? ಹಂಗ ಹೇಳೂದಕಿಂತ ಗಲ್ಲ ತುರಸೂದೇ ಪಾಡ."

ಆ ಹೊತ್ತಿಗೆ ನರೋಣಾದ ಒಬ್ಬ ಹೆಣ್ಣುಮಗಳು ಗಂಡನನ್ನು ಹಿಡಿದುಕೊಂಡು ಬಂದಳು. ಆತ ಎದೆ ಒತ್ತಿಕೊಂಡಿದ್ದ. ಮುಖ ಬೆವರಿತ್ತು. ಕಲಬುರಗಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಆಕೆ ಅದರ ಕಡೆಗೆ ನೋಡಲೂ ಇಲ್ಲ. ಗಂಡನನ್ನು ಮಾವನವರ ಕಾಲ ಬಳಿ ಕೂಡಿಸಿ ಸೆರಗೊಡ್ಡಿದಳು.

"ಮುತ್ಯಾ, ಮುಂಜಾನಿಂದ ಎದಿ ಹಿಡದದಂತ. ಡಾಕ್ಟರ್ ಕಲಬುರಗಿಗೆ ಒಯ್ಯಿ ಅಂದಾರ. ನೀವು ಏನಿಲ್ಲ ಅಂದ್ರ ಊರಿಗೆ ವಾಪಸ್ ಕರ್ಕೊಂಡ ಹೋಗ್ತೇನಿ. ತಲಿ ಮ್ಯಾಲ ಕೈ ಇಡ್ರಿ ಸಾಕು."

ಸುತ್ತ ಜನ ಸೇರಿದರು.  ಮಾವನವರು ನನ್ನನ್ನು ನೋಡಿದರು, ಆ ಬಸ್ಸನ್ನು ನೋಡಿದರು. ಡ್ರೈವರು ಎಂಜಿನ್ ಚಾಲೂ ಮಾಡಿದ್ದ. ಆಗ ಅವರು ಎದ್ದು ನಿಂತು ಶಾಲು ಕಿತ್ತೆಸೆದರು. ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಚಾಚಿದರು. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು.

"ನೋಡವ್ವಾ ಇದು! ಎಲ್ಲಾರೂ ನೋಡ್ರಿ! ನಾ ಮುತ್ಯಾ ಅಲ್ಲ. ಕೈ ನಡಗತದ, ಬ್ಲೇಡ್ ಹಿಡಿಯಾಕ ಬರಂಗಿಲ್ಲ, ಅದಕ್ಕ ಗಡ್ಡ ಬಂದದ. ನಂಗ ಏನೂ ತಿಳಿಯಂಗಿಲ್ಲ. ಇವನ್ನ ಗಾಡಿಗೆ ಹತ್ತಸು ಮೊದಲ!" ನಂತರ ಡ್ರೈವರಿಗೆ ತಮ್ಮ ಹಳೆಯ ಗಂಟಲಿನಿಂದ ಕೂಗಿದರು. "ಲೇ, ನಡುವ ಎಲ್ಲೂ ನಿಲ್ಲಿಸಬ್ಯಾಡ. ಸೀದಾ ದವಾಖಾನಿ!"

ನಾನೂ ಇನ್ನೊಬ್ಬರೂ ಆ ಮನುಷ್ಯನನ್ನು ಎತ್ತಿ ಸೀಟಿನಲ್ಲಿ ಮಲಗಿಸಿದೆವು. ಬಸ್ಸು ಹೋಯಿತು.  ಮಾವನವರ ಕೈ ಇನ್ನೂ ಚಾಚಿಯೇ ಇತ್ತು, ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿದಂತಿರಲಿಲ್ಲ. ಅಯ್ಯ ಪಾಪ ಎಂದು ಒಬ್ಬಿಬ್ಬರು ಅಂದದ್ದು ನನಗೆ ಕೇಳಿತು. ಅವರಿಗೂ ಕೇಳಿರಬೇಕು.

ಮನೆಗೆ ಬಂದಾಗ ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು. ಅತ್ತೆ ಅಂಗಳದಲ್ಲಿ ಮಣೆ ಹಾಕಿ, ಹಂಡೆಯ ಬಿಸಿನೀರು ಬಗ್ಗಿಸಿಟ್ಟುಕೊಂಡು ನಿಂತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

"ಕೂಡ್ರಿ," ಎಂದರು.

"ನಿಂಗ ಹೆಂಗ ಬರ್ತದ ಬೇ?"

"ಇಷ್ಟ ವರ್ಷ ಒಲಿ ಮುಂದ ಕೂತು ಏನ ನೋಡೇನಿ ಮತ್ತ? ಬ್ಯಾಸಗಿಯಿಂದ ನಿಮ್ಮ ಅಂಗಿ ಗುಂಡಿ ಹಾಕಾಕತ್ತೇನಿ. ಕೈ ನಡಗೂದು ನಂಗ ತಿಳಿಯಂಗಿಲ್ಲ ಅಂತ ಮಾಡೀರೇನು? ಶ್ರಾವಣ ಹಿಡದಾರಂತ, ಶ್ರಾವಣ!"

"ತಿಳದ ಮ್ಯಾಲ ಯಾಕ ಸುಮ್ಮಿದ್ದಿ?"

"ನೀವು ದೇವ್ರ ಮುಂದ ಕೂಡೂದನ್ನ ಒಂದಿಷ್ಟ ದಿನ ನೋಡೂಣಂತ."

ಮೊದಲು ಕತ್ತರಿ, ನಂತರ ಬಿಸಿ ಟವೆಲ್ಲು, ನೊರೆ, ಬ್ಲೇಡು. ರೊಟ್ಟಿ ಬಡಿದು ಗಟ್ಟಿಯಾದ ಕೈ ಮೊದಲ ಎಳೆತದಲ್ಲಿಯೇ ಮಾವನವರ ತಲೆಯನ್ನು ಪಕ್ಕಕ್ಕೆ ಸರಿಸಿತು. "ಏ ಸಾವಕಾಶ, ರಾಂಗ್ ಸೈಡ್ ಹೊಂಟಿ!" ಎಂದು ಕೂಗಿದರು. "ಬಾಯಿ ಮುಚ್ರಿ, ಗಲ್ಲ ಉಬ್ಬಸ್ರಿ" ಎಂದರು ಅತ್ತೆ. ಊರಿನ ಬಸ್ಸುಗಳನ್ನೆಲ್ಲ ಆಳಿದ ಮನುಷ್ಯ ಗಲ್ಲ ಉಬ್ಬಿಸಿ ಕುಳಿತರು. ದಾಡಿ ಮುಗಿದಾಗ ಕುತ್ತಿಗೆಯ ತುಂಬ ದದ್ದು. ಅತ್ತೆ ಲೋಳಸರ ಹಚ್ಚುತ್ತ ಊದುತ್ತಿದ್ದರು. ಮಾವನವರು ಅಯ್ಯೋ ಎಂದಾಗೊಮ್ಮೆ ಅತ್ತೆಯೂ ಅಯ್ಯೋ ಎನ್ನುತ್ತಿದ್ದರು. ಆಮೇಲೆ ಕಲಬುರಗಿಯ ಡಾಕ್ಟರರಿಗೂ ತೋರಿಸಿದೆವು. ಕಂಪವಾತ ಎಂದರು, ಗುಳಿಗೆ ಕೊಟ್ಟರು. ನಡುಕ ಸ್ವಲ್ಪ ಇಳಿಯಿತು, ಹೋಗಲಿಲ್ಲ.

ಚಳಿ ಹೆಚ್ಚಾದ ಒಂದು ಬೆಳಿಗ್ಗೆ ಮಾವನವರು ನಿದ್ದೆಯಲ್ಲಿಯೇ ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಅದಕ್ಕೆ ಕೆಲವು ವಾರ ಮುಂಚೆ, ದೀಪಾವಳಿಯಾದ ಮೇಲೆ. ಆ ಕೊನೆಯ ಸಲ ಕಂಡದ್ದನ್ನು ಹೇಳಿ ಮುಗಿಸುತ್ತೇನೆ.

ಅವರು ಅಂಗಳದಲ್ಲಿ ಕುಳಿತಿದ್ದರು. ಅತ್ತೆ ಒಂದು ಗಲ್ಲ ಮುಗಿಸಿ ಇನ್ನೊಂದಕ್ಕೆ ಬಂದಿದ್ದರು. ಆದರೆ ಮಾವನವರ ಬಲಗೈ ತೊಡೆಯ ಮೇಲೆ ಕುಣಿಯುತ್ತಿತ್ತು, ಅದರ ಅಲುಗಾಟ ಭುಜಕ್ಕೆ, ಭುಜದಿಂದ ಗದ್ದಕ್ಕೆ ಏರುತ್ತಿತ್ತು. ಅತ್ತೆ ಬ್ಲೇಡು ಎತ್ತಿ ಕಾಯುವುದು, ಮತ್ತೆ ಇಡುವುದು ಮಾಡುತ್ತಿದ್ದರು. ಅಷ್ಟರಲ್ಲಿ ಗೇಟು ತೆರೆಯಿತು. ನರೋಣಾದ ಆ ಹೆಣ್ಣುಮಗಳು, ಹಿಂದೆ ಆಕೆಯ ಗಂಡ. ಆತ ಸೊರಗಿದ್ದ, ಆದರೆ ತನ್ನ ಕಾಲ ಮೇಲೆ ನಡೆದು ಬಂದ. ಆಕೆ ನೇರವಾಗಿ ಬಂದು ಮಾವನವರ ಮುಂದೆ ಮೊಣಕಾಲೂರಿದಳು.

"ಮುತ್ಯಾ, ಒಂದ ತಾಸ ತಡಾ ಆಗಿದ್ರ ಉಳೀತಿದ್ದಿಲ್ಲ ಅಂದ್ರು ಡಾಕ್ಟರ್."

"ಯವ್ವಾ, ನಾ ಮುತ್ಯಾ ಅಲ್ಲಂತ ಅವತ್ತೇ ಹೇಳೇನಿ. ಗಡ್ಡನೂ ಹೋತು, ನೋಡಿಲ್ಲಿ," ಎಂದರು ಮಾವನವರು ನೊರೆಯ ನಡುವಿನಿಂದ.

"ಗಡ್ಡ ಇದ್ದವ್ರು ಭಾಳ ಮಂದಿ ಅದಾರ್ರಿ. ಹಂಗ ಹೇಳಿದವ್ರು ನೀವೊಬ್ರೇ."

ಆಕೆ ತಲೆ ಬಾಗಿಸಿದಳು. ಬೇಡ ಎನ್ನಲು ಅವರು ನಡುಗುವ ಕೈ ಎತ್ತಿದರು. ಆಕೆಯ ತಲೆ ಅದಾಗಲೇ ಕೈಯ ಕೆಳಗಿತ್ತು. ಕೈ ಅಲ್ಲಿ ಕೂತಿತು. ಕೂತೊಡನೆ ಅದರ ನಡುಕ ನಿಂತಿತು. ಒರಗಲು ಒಂದು ಜಾಗ ಸಿಕ್ಕಿದ್ದಕ್ಕೋ ಏನೋ, ಭುಜವೂ ಗದ್ದವೂ ಅಲುಗುವುದನ್ನು ಬಿಟ್ಟವು. ಮಾವನವರು ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೊರಟರು.

"ಅಲ್ಲೇ ಇಡ್ರಿ," ಎಂದರು ಅತ್ತೆ, ರೇಜರು ಹಿಡಿದುಕೊಂಡು ಬಾಗುತ್ತ. "ಯವ್ವಾ, ನೀನೂ ಹಂಗ ಕೂಡು. ಇದೊಂದ ಗಲ್ಲ ಮುಗಿಸಿಬಿಡ್ತೇನಿ."